ಸಾಲಗಾರ, ನ್ಯಾಯಾಲಯ ಮತ್ತು ಶಾಸನಸಭೆ: ಮಲಪ್ರಭೆಯ ನಾಲ್ಕು ತಾಲ್ಲೂಕುಗಳ ಅನುಭವ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸಕ್ಕೆ ಯಾವ ವಿಷಯ ಆರಿಸಿಕೊಳ್ಳಬೇಕು ಎಂದು ಸಂಘಟಕರು ಕೇಳಿದಾಗ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಈ ಭಾಗದ ಮನೆಮನೆಗೂ ಗೊತ್ತಿರುವ, ಆದರೆ ವೇದಿಕೆಯ ಮೇಲೆ ಬರುವಾಗ ಅರ್ಧವಷ್ಟೇ ಚರ್ಚೆಯಾಗುವ ಒಂದು ವಿಷಯವನ್ನು ಸೂಚಿಸಿದೆ. ಅದು ಸಾಲ. ಅದರಲ್ಲೂ ಬ್ಯಾಂಕಿನ ಸಾಲ. ಸಾಲದ ಮಾತು ಬಂದೊಡನೆ ನಾವು ಮನ್ನಾದ ಮಾತು ಆಡುತ್ತೇವೆ. ಎಷ್ಟು ಮನ್ನಾ ಆಯಿತು, ಯಾರಿಗೆ ಆಯಿತು, ಯಾರಿಗೆ ತಪ್ಪಿತು ಎಂಬ ಲೆಕ್ಕದಲ್ಲೇ ಚರ್ಚೆ ಮುಗಿಯುತ್ತದೆ. ಮನ್ನಾಕ್ಕಿಂತ ಮೊದಲು ಬರಬೇಕಾದ ಒಂದು ಪ್ರಶ್ನೆ ಹಿಂದೆ ಉಳಿದುಬಿಡುತ್ತದೆ. ಸಾಲ ಕಟ್ಟಲಾಗದೆ ನಿಂತ ಮನುಷ್ಯನ ಮಾತನ್ನು ಯಾರು ಕೇಳಬೇಕು, ಎಲ್ಲಿ ಕೇಳಬೇಕು, ಯಾವಾಗ ಕೇಳಬೇಕು? ಇಂದಿನ ನನ್ನ ಉಪನ್ಯಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಹೇಳಬೇಕಾದುದನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ನಮ್ಮ ಪ್ರದೇಶ ಮುಂಬಯಿ ಪ್ರಾಂತ್ಯದಲ್ಲಿದ್ದಾಗಿನ ಸಾಲದ ಕಾನೂನುಗಳು. ಎರಡನೆಯದು, ಬ್ಯಾಂಕು ಹಳ್ಳಿಗೆ ಬಂದ ಮೇಲಿನ ಬದಲಾವಣೆ ಮತ್ತು ಕಿತ್ತೂರಿನಿಂದ ಆರಿಸಿಹೋದ ಒಬ್ಬ ಶಾಸಕರ ಪಾತ್ರ. ಮೂರನೆಯದು, 2018ರಲ್ಲಿ ಕೋಲ್ಕತ್ತಾದಿಂದ ನಮ್ಮ ರೈತರಿಗೆ ಬಂದ ವಾರಂಟುಗಳು. ಕೊನೆಯದು, ಈಚಿನ ಎರಡು ಶಾಸನಗಳು ಮತ್ತು ಇನ್ನೂ ಆಗಬೇಕಾದ ಕೆಲಸ.

ಮೊದಲ ಭಾಗಕ್ಕೆ ಬರುತ್ತೇನೆ.

1956ರ ತನಕ ಬೆಳಗಾವಿ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ರಾಮದುರ್ಗ ಸ್ವಾತಂತ್ರ್ಯದ ತನಕ ಬೇರೆಯೇ ಸಂಸ್ಥಾನ. ಹೀಗಾಗಿ ನಮ್ಮ ಹಿರಿಯರಿಗೆ ಸಾಲದ ಕಾನೂನು ಎಂದರೆ ಮುಂಬಯಿಯ ಕಾನೂನು. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟುಹಾಕಿದರು. ಇತಿಹಾಸದಲ್ಲಿ ಅದನ್ನು ದಖ್ಖನ್ ದಂಗೆ ಎನ್ನುತ್ತಾರೆ. ಸರಕಾರ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಜಾರಿಗೆ ಬಂತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಮಾತ್ರ ಇತ್ತು. ಮುಂದೆ ಅದರ ಹಲವು ಕಲಮುಗಳನ್ನು ಪ್ರಾಂತ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದರು.

ಆ ಕಾಯ್ದೆ ಬಡ್ಡಿಯ ದರ ಇಳಿಸುವುದಕ್ಕೆ ಅಷ್ಟು ಗಮನ ಕೊಡಲಿಲ್ಲ. ಅದು ತಿದ್ದಲು ಹೊರಟದ್ದು ನ್ಯಾಯಾಲಯ ನಡೆಯುವ ರೀತಿಯನ್ನು. ಅಲ್ಲಿಯತನಕ ಸಾಹುಕಾರ ಪತ್ರ ಹಾಜರು ಮಾಡುತ್ತಿದ್ದ, ರೈತ ಹಾಜರಾಗುತ್ತಿರಲಿಲ್ಲ, ಏಕಪಕ್ಷೀಯ ಡಿಕ್ರಿ ಆಗುತ್ತಿತ್ತು. ಹೊಸ ಕಾಯ್ದೆ ಮೂರು ಬದಲಾವಣೆ ತಂದಿತು. ಒಂದು, ನ್ಯಾಯಾಧೀಶ ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ, ಸಾಲ ಶುರುವಾದ ದಿನದಿಂದ ಲೆಕ್ಕ ತೆಗೆಸಿ ನೋಡಬೇಕು. ಎರಡು, ಹಣದ ಡಿಕ್ರಿಗಾಗಿ ಕೃಷಿಕನನ್ನು ಬಂಧಿಸಿ ಜೈಲಿಗೆ ಹಾಕುವಂತಿಲ್ಲ. ಮೂರು, ಕೃಷಿಕನ ಮೇಲೆ ದಾವೆ ಹೂಡುವುದಾದರೆ ಅವನು ವಾಸವಾಗಿರುವ ಊರು ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಹೂಡಬೇಕು. ಈ ಮೂರನೆಯ ಅಂಶವನ್ನು ದಯವಿಟ್ಟು ನೆನಪಿನಲ್ಲಿಡಿ. ಪರಕೀಯ ಸರಕಾರವೊಂದು 1879ರಲ್ಲಿ ಒಪ್ಪಿದ ಈ ಮಾತನ್ನು ನಾವು ಇಂದು ಮತ್ತೆ ಕೇಳಬೇಕಾಗಿ ಬಂದಿದೆ.

ಇದರ ಜೊತೆಗೆ ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳು ದಾಮದುಪ್ಪಟ್ಟಿನ ನಿಯಮವನ್ನೂ ಪಾಲಿಸುತ್ತಿದ್ದವು. ಬಡ್ಡಿಯ ಬಾಕಿ ಎಷ್ಟೇ ಬೆಳೆದಿರಲಿ, ಒಂದು ಸಲಕ್ಕೆ ಅಸಲನ್ನು ಮೀರಿ ವಸೂಲಿ ಮಾಡುವಂತಿಲ್ಲ ಎಂಬುದು ಹಿಂದೂ ಧರ್ಮಶಾಸ್ತ್ರದಿಂದ ಬಂದ ಆ ನಿಯಮ. ನೂರು ರೂಪಾಯಿಯ ಸಾಲ ಇನ್ನೂರಕ್ಕೆ ನಿಲ್ಲಬೇಕು. ಮುಂದೆ 1939ರಲ್ಲಿ, ಆಮೇಲೆ 1947ರಲ್ಲಿ, ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯ್ದೆಗಳು ಬಂದವು. ರೈತನ ಎಲ್ಲ ಸಾಲಗಳನ್ನೂ ಒಂದೆಡೆ ಸೇರಿಸಿ, ಅವನು ತೀರಿಸಬಲ್ಲ ಶಕ್ತಿ ಎಷ್ಟು ಎಂದು ಅಳೆದು, ಅಷ್ಟಕ್ಕೆ ಇಳಿಸಿ, ಕಂತು ಕಟ್ಟಿಕೊಡುವುದು ಅವುಗಳ ಕ್ರಮ.

ಈ ಕಾಯ್ದೆಗಳೆಲ್ಲ ಗೆದ್ದವು ಎಂದು ನಾನು ಹೇಳುತ್ತಿಲ್ಲ. ಸಾಹುಕಾರರು ಬೇಗನೆ ಬೇರೆ ದಾರಿ ಹಿಡಿದರು. ಅಡವುಪತ್ರದ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಸಾಲ ತೀರಿದರೆ ಹೊಲ ತಿರುಗಿ ಕೊಡುತ್ತೇನೆ ಎಂಬುದು ಬಾಯಿಮಾತು, ಕಾಗದದ ಮೇಲೆ ಹೊಲ ಮಾರಾಟವಾಗಿರುತ್ತಿತ್ತು. ಕಾನೂನು ಒಂದು ಬಾಗಿಲು ಮುಚ್ಚಿದರೆ ಸಾಲದ ವ್ಯವಹಾರ ಇನ್ನೊಂದನ್ನು ತೆರೆದುಕೊಳ್ಳುತ್ತದೆ ಎಂಬ ಪಾಠ ಅಂದಿನಿಂದಲೂ ಇದೆ. ಆದರೂ ಆ ಕಾನೂನುಗಳ ಹಿಂದಿದ್ದ ವಿಚಾರ ಗಟ್ಟಿಯಾದದ್ದು. ಸಾಲದ ತಕರಾರಿನಲ್ಲಿ ನ್ಯಾಯ ಸಿಗಬೇಕಾದರೆ ಲೆಕ್ಕ ಬಿಚ್ಚಿ ನೋಡಬೇಕು ಮತ್ತು ಸಾಲಗಾರ ಬಂದು ನಿಲ್ಲಬಲ್ಲ ಜಾಗದಲ್ಲಿ ನೋಡಬೇಕು.

ಇನ್ನು ಎರಡನೆಯ ಭಾಗ.

1969ರಲ್ಲಿ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದವು. ಬ್ಯಾಂಕು ಹಳ್ಳಿಗೆ ಬಂತು. ಬೆಳೆಸಾಲ, ಬಾವಿಗೆ ಸಾಲ, ಪಂಪ್‌ಸೆಟ್ಟಿಗೆ ಸಾಲ, ಟ್ರ್ಯಾಕ್ಟರಿಗೆ ಸಾಲ ಸಿಗತೊಡಗಿತು. ಸಾಹುಕಾರನ ಕೈಯಿಂದ ಬಿಡಿಸಿದ್ದು ನಿಜವಾಗಿಯೂ ದೊಡ್ಡ ಉಪಕಾರ. ಅದನ್ನು ಮರೆತು ಮಾತಾಡಿದರೆ ಕೃತಘ್ನತೆಯಾಗುತ್ತದೆ. ಆದರೆ ಬ್ಯಾಂಕುಗಳು ಒಂದು ಭರವಸೆ ಕೇಳಿದವು. ಹಳ್ಳಿಯಲ್ಲಿ ಹಂಚಿದ ಹಣ ಬೇಗ ತಿರುಗಿ ಬರಬೇಕು, ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯಲಾಗದು. ಆರ್.ಕೆ. ತಲ್ವಾರ್ ಅವರ ಅಧ್ಯಕ್ಷತೆಯ ತಜ್ಞರ ಗುಂಪು ರಾಜ್ಯಗಳಿಗೆ ಒಂದು ಮಾದರಿ ಮಸೂದೆ ಸೂಚಿಸಿತು. ಅದರ ಜಾಡಿನಲ್ಲಿ ಕರ್ನಾಟಕ 1974ರಲ್ಲಿ ಕೃಷಿ ಪತ್ತಿನ ಕಾರ್ಯಾಚರಣೆಗಳ ಕಾಯ್ದೆ ಮಾಡಿತು. ರೈತನ ಘೋಷಣೆಯೊಂದರ ಮೇಲೆ ಹೊಲದ ಮೇಲೆ ಬ್ಯಾಂಕಿನ ಬೋಜಾ ಏರಿಸುವ, ವಸೂಲಿಗೆ ಸರಕಾರಿ ಅಧಿಕಾರಿಯ ಬಳಿ ಹೋಗುವ ದಾರಿ ತೆರೆಯಿತು. 1979ರ ಸಾರ್ವಜನಿಕ ಹಣ ವಸೂಲಾತಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರಕಾರದ ಯೋಜನೆಗಳಡಿ ಕೊಟ್ಟ ಸಾಲದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದಾಯಿತು.

ಪರಿಣಾಮ ಏನಾಯಿತು ನೋಡಿ. ಬ್ಯಾಂಕಿಗೆ ಬಾಕಿ ಇದ್ದರೆ ತಹಶೀಲ್ದಾರರ ಕಚೇರಿಯೇ ಅದರ ನೆರವಿಗೆ ಬರುತ್ತದೆ. ಬ್ಯಾಂಕಿನ ಲೆಕ್ಕ ತಪ್ಪು ಎಂದು ರೈತನಿಗೆ ಅನ್ನಿಸಿದರೆ ಅವನು ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿಯೂ ದಾರಿ ಕಿರಿದಾಗಿತ್ತು. 1984ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 21ಎ ಎಂಬ ಕಲಮು ಸೇರಿತು. ಬಡ್ಡಿ ವಿಪರೀತ ಎಂಬ ಕಾರಣಕ್ಕೆ ಬ್ಯಾಂಕಿನ ಸಾಲವ್ಯವಹಾರವನ್ನು ನ್ಯಾಯಾಲಯ ಮತ್ತೆ ತೆರೆದು ನೋಡುವಂತಿಲ್ಲ ಎಂದು ಅದು ಹೇಳಿತು. 1879ರ ಕಾಯ್ದೆ ನ್ಯಾಯಾಧೀಶನಿಗೆ ಲೆಕ್ಕ ಬಿಚ್ಚಿ ನೋಡು ಎಂದಿತ್ತು. 1984ರ ತಿದ್ದುಪಡಿ ನೋಡಬೇಡ ಎಂದಿತು.

ಆದರೂ ಕರ್ನಾಟಕದ ಸಾಲಗಾರರೇ ಇದರಲ್ಲಿ ಒಂದು ಕಿಂಡಿ ಕೊರೆದರು. ಕೃಷಿಸಾಲಕ್ಕೆ ಮೂರು ತಿಂಗಳಿಗೊಮ್ಮೆ ಬಡ್ಡಿಯ ಮೇಲೆ ಬಡ್ಡಿ ಹಾಕುವ ಪದ್ಧತಿಯನ್ನು ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ ಪ್ರಶ್ನಿಸಲಾಯಿತು. ಕಾರ್ಪೊರೇಷನ್ ಬ್ಯಾಂಕ್ ಮತ್ತು ಡಿ.ಎಸ್. ಗೌಡ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 1994ರ ತೀರ್ಪು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳನ್ನು ಎತ್ತಿಹಿಡಿಯಿತು. ರೈತನ ಆದಾಯ ಸುಗ್ಗಿಗೊಮ್ಮೆ ಬರುವಂಥದ್ದು, ಆದ್ದರಿಂದ ಅವನ ಸಾಲಕ್ಕೆ ಮೂರು ತಿಂಗಳ ಲೆಕ್ಕದ ಚಕ್ರಬಡ್ಡಿ ಸಲ್ಲದು ಎಂಬುದು ಅದರ ಸಾರ. ರಿಸರ್ವ್ ಬ್ಯಾಂಕಿನ ಆದೇಶ ಮೀರಿ ಹಾಕಿದ ಬಡ್ಡಿಯನ್ನು ನ್ಯಾಯಾಲಯ ತೆಗೆದುಹಾಕಬಹುದು ಎಂಬುದೂ ಅದರಿಂದ ಸ್ಪಷ್ಟವಾಯಿತು.

ಈ ಹೊತ್ತಿಗೆ ಮಲಪ್ರಭೆಯ ಕಡೆ ಏನಾಗಿತ್ತು? ನದಿ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳ ಬದಿಯಿಂದ ಹರಿದು ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಬಂದು, ಮುಂದೆ ಮುನವಳ್ಳಿ ದಾಟಿ ರಾಮದುರ್ಗಕ್ಕೆ ಇಳಿಯುತ್ತದೆ. ನಾಲ್ಕೂ ತಾಲ್ಲೂಕುಗಳಿಗೆ ಒಂದೇ ನದಿ. ಕಾಲುವೆಯ ನೀರು ನಂಬಿ ಅಚ್ಚುಕಟ್ಟಿನ ರೈತರು ವರಲಕ್ಷ್ಮಿ ಹತ್ತಿ ಬಿತ್ತಿದರು, ಬ್ಯಾಂಕಿನ ಸಾಲ ಮಾಡಿದರು. ಹತ್ತಿಯ ಧಾರಣೆ ಬಿತ್ತು. ಎಷ್ಟೋ ಹೊಲಗಳಿಗೆ ನೀರೂ ಸರಿಯಾಗಿ ಬರಲಿಲ್ಲ. ಅದೇ ಹೊತ್ತಿಗೆ ಸರಕಾರ ಅಭಿವೃದ್ಧಿ ಕರ, ನೀರಿನ ಕರಗಳ ಬಾಕಿ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲೀಬಾರ್ ಆಗಿ ರೈತರು ಪ್ರಾಣ ಕಳೆದುಕೊಂಡರು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತೇವೆ. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು.

ರೈತ ಸಂಘ ಸಾಲವಸೂಲಿಯ ವಿಷಯದಲ್ಲಿ ಮಾಡಿದ ಕೆಲಸ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಊರ ಅಗಸೆಯಲ್ಲಿ ಬೋರ್ಡು ನಿಲ್ಲಿಸಿದರು: ವಸೂಲಿಗೆ ಬರುವ ಅಧಿಕಾರಿ ಊರವರ ಅನುಮತಿ ಇಲ್ಲದೆ ಒಳಗೆ ಬರಕೂಡದು. ಜಪ್ತಿ ಮಾಡಿ ಒಯ್ದ ಸಾಮಾನುಗಳನ್ನು ಮರುಜಪ್ತಿ ಮಾಡಿ ತಂದರು. ಇದು ಕಾನೂನಿನ ದಾರಿಯಲ್ಲ ಎಂದು ಅಂದು ಹಲವರು ಟೀಕಿಸಿದರು. ಆ ಟೀಕೆಯಲ್ಲಿ ಸತ್ಯವಿತ್ತು. ಇನ್ನೊಂದು ಸತ್ಯವೂ ಇತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಕೃಷಿಕನ ಉಳುಮೆಯ ಸಲಕರಣೆ, ಬೇಕಾದಷ್ಟು ದನ, ಬಿತ್ತನೆಯ ಕಾಳು, ಅವನು ವಾಸಿಸುವ ಮನೆ ಇವನ್ನು ಡಿಕ್ರಿಗಾಗಿ ಜಪ್ತಿ ಮಾಡಬಾರದು ಎಂದು ಮೊದಲಿನಿಂದಲೂ ಹೇಳುತ್ತದೆ. ಜಪ್ತಿಯ ಗಾಡಿ ಮನೆಮುಂದೆ ನಿಂತಾಗ ಆ ಕಲಮನ್ನು ಓದಿ ಹೇಳುವವರು ಊರಿನಲ್ಲಿ ಇರಲಿಲ್ಲ. ಆ ಕೊರತೆಯನ್ನು ಬೋರ್ಡು ತುಂಬಿತು.

ಈ ಚಳವಳಿಯಿಂದ ಶಾಸನಸಭೆಗೆ ಹೋದವರು ಬೈಲಹೊಂಗಲ ತಾಲ್ಲೂಕಿನ ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು. 1989ರ ಚುನಾವಣೆಯಲ್ಲಿ ಅವರು ರೈತ ಸಂಘದಿಂದ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಲ್ಲಿ ನಿಂತು ಎರಡರಲ್ಲೂ ಗೆದ್ದರು. ಧಾರವಾಡ ಗ್ರಾಮೀಣವನ್ನು ಬಿಟ್ಟುಕೊಟ್ಟಾಗ ಅಲ್ಲಿಂದ ರೈತ ಸಂಘದವರೇ ಆದ ಎಂ.ಡಿ. ನಂಜುಂಡಸ್ವಾಮಿಯವರು ಗೆದ್ದು ಬಂದರು. ಒಬ್ಬರು ಹೊಲದಿಂದ ಬಂದವರು, ಇನ್ನೊಬ್ಬರು ಕಾನೂನು ಕಲಿಸಿದ ಪ್ರಾಧ್ಯಾಪಕರು. ರೈತನ ಸಾಲದ ಪ್ರಶ್ನೆಯನ್ನು ದಯೆಯ ಪ್ರಶ್ನೆಯಾಗಿ ನೋಡದೆ ಬೆಲೆಯ ಪ್ರಶ್ನೆಯಾಗಿ, ಹಕ್ಕಿನ ಪ್ರಶ್ನೆಯಾಗಿ ಸದನದ ಒಳಗೆ ತಂದದ್ದು ಈ ಜೋಡಿಯ ಸಾಧನೆ. 1998ರಲ್ಲಿ ಬಾಬಾಗೌಡರು ಬೆಳಗಾವಿಯಿಂದ ಲೋಕಸಭೆಗೆ ಆರಿಸಿಬಂದು ವಾಜಪೇಯಿ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿಯ ರಾಜ್ಯ ಸಚಿವರೂ ಆದರು. 2021ರ ಮೇ ತಿಂಗಳಲ್ಲಿ ತೀರಿಕೊಂಡರು.

ಅವರ ರಾಜಕೀಯ ಪಯಣವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಬೀದಿಯಿಂದ ವಿಧಾನಸಭೆಗೆ, ಅಲ್ಲಿಂದ ಸಂಸತ್ತಿಗೆ ಹೋದ ಆ ದಾರಿ ನಮಗೆ ಒಂದು ಮುಖ್ಯ ಸಂಗತಿ ತೋರಿಸುತ್ತದೆ. ಸಂವಿಧಾನದ ಏಳನೆಯ ಅನುಸೂಚಿ ಸಾಲದ ವಿಷಯವನ್ನು ಹಂಚಿಟ್ಟಿದೆ. ಲೇವಾದೇವಿ ಮತ್ತು ಕೃಷಿಋಣದ ಪರಿಹಾರ ರಾಜ್ಯಪಟ್ಟಿಯಲ್ಲಿವೆ. ಬ್ಯಾಂಕಿಂಗ್ ಕೇಂದ್ರಪಟ್ಟಿಯಲ್ಲಿದೆ, ಚೆಕ್ಕು ಕೂಡ ಅಲ್ಲಿಯೇ. ಸಿವಿಲ್ ಪ್ರಕ್ರಿಯೆ ಮತ್ತು ನ್ಯಾಯಾಡಳಿತ ಸಮವರ್ತಿ ಪಟ್ಟಿಯಲ್ಲಿವೆ. ಹೀಗಾಗಿಯೇ ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆಯಾಗಲಿ, 2019ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ 2018ರ ಋಣ ಪರಿಹಾರ ಕಾಯ್ದೆಯಾಗಲಿ ಖಾಸಗಿ ಲೇವಾದೇವಿದಾರರ ಸಾಲವನ್ನು ಮುಟ್ಟಿದವು, ಬ್ಯಾಂಕುಗಳನ್ನು ಹೊರಗಿಟ್ಟವು. ಬ್ಯಾಂಕಿನ ಮೇಲೆ ದೂರು ಹೊತ್ತು ಶಾಸಕರ ಮನೆಗೆ ಹೋದವನಿಗೆ ಅವರು ಮ್ಯಾನೇಜರಿಗೆ ಒಂದು ಫೋನು ಮಾಡಿ ಕೊಡಬಲ್ಲರು. ಬ್ಯಾಂಕಿನ ಕಾನೂನನ್ನು ಅವರು ಒಬ್ಬರೇ ಬದಲಿಸಲಾರರು. ಅದಕ್ಕೆ ಸಂಸದರು ಬೇಕು. ನ್ಯಾಯಾಲಯದ ರೀತಿ ಬದಲಿಸಲು ಇಬ್ಬರೂ ಸೇರಬೇಕು. ಯಾರ ಬಳಿ ಏನು ಕೇಳಬೇಕು ಎಂಬುದು ನಮಗೆ ಗೊತ್ತಿದ್ದರೆ ಮನವಿಪತ್ರಗಳು ಸರಿಯಾದ ವಿಳಾಸಕ್ಕೆ ಹೋಗುತ್ತವೆ.

ಮೂರನೆಯ ಭಾಗಕ್ಕೆ ಬರೋಣ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ನಮ್ಮ ಊರುಗಳಲ್ಲೇ ನಡೆದದ್ದು.

2018ರ ನವೆಂಬರ್. ಕಬ್ಬಿನ ಬಾಕಿಗಾಗಿ ಬೆಳಗಾವಿಯಲ್ಲಿ ರೈತರು ಬೀದಿಗಿಳಿದಿದ್ದ ತಿಂಗಳು. ಅದೇ ಹೊತ್ತಿಗೆ ಸವದತ್ತಿ ಮತ್ತು ಸುತ್ತಲಿನ ತಾಲ್ಲೂಕುಗಳ ರೈತರ ಮೇಲೆ ಬಂಧನದ ವಾರಂಟುಗಳು ಬಂದವು. ಸಾಲ ಕೊಟ್ಟದ್ದು ಆಕ್ಸಿಸ್ ಬ್ಯಾಂಕ್. ವಾರಂಟು ಹೊರಡಿಸಿದ್ದು ಕೋಲ್ಕತ್ತಾದ ನ್ಯಾಯಾಲಯ. ಸುಮಾರು 180 ರೈತರ ಹೆಸರಿನಲ್ಲಿ ವಾರಂಟು ಇದೆ ಎಂದು ಆಗಿನ ಪತ್ರಿಕೆಗಳು ಬರೆದವು. ಪ್ರಕರಣಗಳು ಚೆಕ್ ಅಮಾನ್ಯವಾದ ಬಗೆಯವು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಮಧ್ಯೆ ಪ್ರವೇಶಿಸಿದರು. ಪ್ರಕರಣಗಳನ್ನು ಹಿಂತೆಗೆದುಕೊಳ್ಳಲು ಬ್ಯಾಂಕು ಒಪ್ಪಿತು. ಸುದ್ದಿ ತಣ್ಣಗಾಯಿತು.

ಸುದ್ದಿ ತಣ್ಣಗಾದರೂ ಕಾನೂನಿನ ಪ್ರಶ್ನೆ ಹಾಗೇ ಇದೆ. ಸವದತ್ತಿಯ ರೈತನ ಮೇಲೆ ಸುಮಾರು 2,000 ಕಿಲೋಮೀಟರ್ ಆಚೆಯ ಕೋರ್ಟಿನಲ್ಲಿ ಫಿರ್ಯಾದು ನಡೆಯಲು ಹೇಗೆ ಸಾಧ್ಯ?

ಹಿಂದಿನಿಂದ ಬರೋಣ. ಸಾಲ ತೀರಿಸದಿರುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ನಿಚ್ಚಳವಾಗಿ ಹೇಳಿದರು. ಶಕ್ತಿ ಇದ್ದೂ ಕೆಟ್ಟ ಉದ್ದೇಶದಿಂದ ಕಟ್ಟದವನ ಮಾತು ಬೇರೆ, ಬರೀ ಬಡತನಕ್ಕಾಗಿ ಯಾರನ್ನೂ ಸಿವಿಲ್ ಜೈಲಿಗೆ ಹಾಕಲಾಗದು. ಆದರೆ 1989ರ ಏಪ್ರಿಲ್ 1ರಿಂದ ಚೆಕ್ ಅಮಾನ್ಯವಾಗುವುದು ಅಪರಾಧವಾಯಿತು. ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೆಯ ಕಲಮು ಅದು. ಮೊದಲು ಒಂದು ವರ್ಷ ಇದ್ದ ಗರಿಷ್ಠ ಶಿಕ್ಷೆ 2002ರ ತಿದ್ದುಪಡಿಯಿಂದ ಎರಡು ವರ್ಷವಾಯಿತು, ದಂಡ ಚೆಕ್ಕಿನ ಮೊತ್ತದ ಎರಡು ಪಟ್ಟಿನ ತನಕ ಆಗಬಹುದು. ವ್ಯಾಪಾರದಲ್ಲಿ ಚೆಕ್ಕಿಗೆ ನಂಬಿಕೆ ಬರಲಿ ಎಂದು ತಂದ ಕಾನೂನು ಇದು. ಸಾಲ ಕೊಡುವವರು ಅದರ ಇನ್ನೊಂದು ಉಪಯೋಗ ಕಂಡುಕೊಂಡರು. ಸಾಲದ ಕಾಗದಗಳ ಕಟ್ಟಿನ ಜೊತೆಗೆ ಸಹಿ ಮಾಡಿದ ಖಾಲಿ ಚೆಕ್ಕುಗಳನ್ನೂ ತೆಗೆದಿಟ್ಟುಕೊಂಡರೆ, ನಾಳೆ ಸಿವಿಲ್ ಬಾಕಿಯನ್ನು ಕ್ರಿಮಿನಲ್ ಪ್ರಕರಣ ಮಾಡಬಹುದು. ಸ್ವಂತ ಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಬಾಕಿ ಇದೆಯೆಂಬ ಪೂರ್ವಭಾವನೆ ಅನ್ವಯಿಸುತ್ತದೆ ಎಂದು 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಾಕಿ ಇಲ್ಲ ಎಂದು ತೋರಿಸುವ ಹೊಣೆ ಸಹಿ ಮಾಡಿದವನ ಮೇಲೆ ಬೀಳುತ್ತದೆ.

ಇನ್ನು ಯಾವ ಊರಿನ ಕೋರ್ಟು ಎಂಬ ಮಾತು. 2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಥೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚೆಕ್ಕು ಬರೆದವನ ಬ್ಯಾಂಕು ಎಲ್ಲಿದೆಯೋ, ಅಂದರೆ ಚೆಕ್ಕು ಎಲ್ಲಿ ಅಮಾನ್ಯವಾಯಿತೋ ಅಲ್ಲೇ ಫಿರ್ಯಾದು ನಡೆಯಬೇಕು ಎಂದಿತು. ಸಾಲಗಾರನ ಖಾತೆ ಸವದತ್ತಿಯಲ್ಲಿದ್ದರೆ ಕೋರ್ಟೂ ಸವದತ್ತಿಯದೇ. ಆ ನೆಮ್ಮದಿ ಒಂದು ವರ್ಷವೂ ಉಳಿಯಲಿಲ್ಲ. 2015ರಲ್ಲಿ ಮೊದಲು ಕೇಂದ್ರ ಸರಕಾರ ಸುಗ್ರೀವಾಜ್ಞೆಯಿಂದ, ಆಮೇಲೆ ಸಂಸತ್ತು ತಿದ್ದುಪಡಿ ಕಾಯ್ದೆಯಿಂದ ಅದನ್ನು ತಿರುಗಿಸಿದವು. ಈಗಿನ ನಿಯಮದಂತೆ ಹಣ ಪಡೆಯಬೇಕಾದವನು ತನ್ನ ಖಾತೆ ಇರುವ ಶಾಖೆಯ ಮೂಲಕ ಚೆಕ್ಕು ಹಾಕಿದರೆ ಆ ಶಾಖೆಯ ಊರಿನ ಕೋರ್ಟಿಗೆ ಅಧಿಕಾರ. ಹಣ ಪಡೆಯಬೇಕಾದವನು ಊರಿನ ಕಿರಾಣಿ ಅಂಗಡಿಯವನಾದರೆ ಇದರಲ್ಲಿ ಅನ್ಯಾಯವೇನಿಲ್ಲ. ಅವನ ಖಾತೆ ಅವನ ಊರಿನಲ್ಲೇ ಇರುತ್ತದೆ. ಹಣ ಪಡೆಯಬೇಕಾದವನೇ ದೇಶದ ತುಂಬ ಶಾಖೆ, ಖಾತೆ ಇರುವ ಸಂಸ್ಥೆಯಾದರೆ? ಕೋರ್ಟನ್ನು ಆರಿಸಿಕೊಳ್ಳುವ ಅನುಕೂಲ ಅದರ ಪಾಲಿಗೆ ಬರುತ್ತದೆ.

ದೂರದ ಕೋರ್ಟಿನ ಸಮನ್ಸು ಹಳ್ಳಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿರುವ ವಕೀಲರು ನನಗಿಂತ ಚೆನ್ನಾಗಿ ಬಲ್ಲರು. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಹೋಗಿಬರಲು ನಾಲ್ಕೈದು ದಿನ ಬೇಕು. ಅಲ್ಲಿ ಗೊತ್ತಿನ ವಕೀಲರಿಲ್ಲ. ಖರ್ಚು ಎಷ್ಟೋ ಸಲ ಬಾಕಿಯ ಮೊತ್ತವನ್ನೇ ಮೀರುತ್ತದೆ. ರೈತ ಹೋಗುವುದಿಲ್ಲ. ಹೋಗದಿದ್ದರೆ ಜಾಮೀನು ಸಹಿತ ವಾರಂಟು, ಆಮೇಲೆ ಜಾಮೀನುರಹಿತ ವಾರಂಟು. ಅವನ ಲೆಕ್ಕ ಸರಿಯೋ ತಪ್ಪೋ, ಚೆಕ್ಕು ಯಾವ ಕಾರಣಕ್ಕೆ ಕೊಟ್ಟಿದ್ದ, ಸಾಲಮನ್ನಾದಲ್ಲಿ ಅವನ ಹೆಸರಿತ್ತೋ ಇಲ್ಲವೋ, ಯಾವುದನ್ನೂ ಯಾರೂ ಕೇಳಿರುವುದಿಲ್ಲ. ತೀರ್ಪು ಬರುವ ಮೊದಲೇ ದೂರವೇ ಅವನಿಗೆ ಶಿಕ್ಷೆಯಾಗಿರುತ್ತದೆ.

ರಕ್ಷಣೆಗಳು ಇಲ್ಲವೆಂದಲ್ಲ. ಆರೋಪಿ ತನ್ನ ವ್ಯಾಪ್ತಿಯ ಹೊರಗೆ ವಾಸವಾಗಿದ್ದರೆ ಮ್ಯಾಜಿಸ್ಟ್ರೇಟರು ಸಮನ್ಸು ಹೊರಡಿಸುವ ಮೊದಲು ವಿಚಾರಣೆ ಮಾಡಿ ನೋಡಬೇಕು ಎಂಬ ನಿಯಮವಿದೆ. ಚೆಕ್ ಪ್ರಕರಣಗಳಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2021ರಲ್ಲಿ ಹೇಳಿದೆ. ಖುದ್ದು ಹಾಜರಿಯಿಂದ ವಿನಾಯಿತಿ ಕೇಳಬಹುದು. ಆದರೆ ಇವನ್ನು ಕೇಳುವುದಕ್ಕೂ ಆ ದೂರದ ಕೋರ್ಟಿನಲ್ಲಿ ಒಬ್ಬ ವಕೀಲ ನಿಲ್ಲಬೇಕು.

ದೂರದ ತೊಂದರೆ ಚೆಕ್ಕಿಗೆ ಮಾತ್ರ ಸೀಮಿತವಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಳ್ಳಬಹುದು. ಮೊದಲು 60 ದಿನದ ನೋಟಿಸು ಕೊಡಬೇಕು. ಸಾಲಗಾರ ಆಕ್ಷೇಪ ಬರೆದರೆ 15 ದಿನದಲ್ಲಿ ಕಾರಣ ಸಹಿತ ಉತ್ತರ ಕೊಡಬೇಕು. ಕೃಷಿಭೂಮಿಯ ಮೇಲಿನ ಭದ್ರತೆ ಈ ಕಾಯ್ದೆಯಿಂದ ಹೊರಗಿದೆ, ಒಂದು ಲಕ್ಷ ರೂಪಾಯಿ ಮೀರದ ಸಾಲವೂ ಹೊರಗಿದೆ. ಇವು ಒಳ್ಳೆಯ ಕಟ್ಟುಪಾಡುಗಳೇ. ಆದರೆ ವಶಪಡಿಸಿಕೊಂಡದ್ದು ತಪ್ಪು ಎಂದು ಹೇಳಬೇಕಾದರೆ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ, 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅದು ಕೂರುವುದು ಬೆಂಗಳೂರಿನಲ್ಲಿ. ಹೈಕೋರ್ಟಿನ ಪೀಠ 2008ರಲ್ಲಿ ಧಾರವಾಡಕ್ಕೆ ಬಂದು, 2013ರಲ್ಲಿ ಕಾಯಂ ಆಯಿತು. ಅದಕ್ಕಾಗಿ ಉತ್ತರ ಕರ್ನಾಟಕದ ವಕೀಲರು ಎಷ್ಟು ವರ್ಷ ಹೋರಾಡಿದರು ಎಂಬುದು ನಿಮಗೆ ಗೊತ್ತಿದೆ. ರಾಮದುರ್ಗದವರು ಬೆಂಗಳೂರಿಗೆ ಹೋಗುವ ಕಷ್ಟ ರಿಟ್ ಅರ್ಜಿಯಲ್ಲಿ ತಪ್ಪಿತು. ಮನೆಯ ಹರಾಜು ತಡೆಯುವ ಅರ್ಜಿಯಲ್ಲಿ ಇನ್ನೂ ತಪ್ಪಿಲ್ಲ.

ಈಗ ನಾಲ್ಕನೆಯ, ಕೊನೆಯ ಭಾಗ.

ಈಚಿನ ವರ್ಷಗಳಲ್ಲಿ ನಮ್ಮ ವಿಧಾನಮಂಡಲ ನ್ಯಾಯಾಲಯ ಮತ್ತು ವಸೂಲಿ ಎಂಬ ಎರಡೂ ದಿಕ್ಕಿನಲ್ಲಿ ಒಂದೊಂದು ಹೆಜ್ಜೆ ಇಟ್ಟಿದೆ. ಎರಡರ ಹಿಂದೆಯೂ ಗದಗಿನ ಶಾಸಕರೂ ಕಾನೂನು ಸಚಿವರೂ ಆದ ಎಚ್.ಕೆ. ಪಾಟೀಲರಿದ್ದಾರೆ.

ಮೊದಲ ಹೆಜ್ಜೆ ನ್ಯಾಯಾಲಯದ್ದು. 2023ರಲ್ಲಿ ವಿಧಾನಮಂಡಲ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಕರ್ನಾಟಕದ ಮಟ್ಟಿಗೆ ತಿದ್ದುಪಡಿ ಅಂಗೀಕರಿಸಿತು. ಸಣ್ಣ ರೈತರ ಹಾಗೂ ಆರ್ಥಿಕವಾಗಿ ದುರ್ಬಲರ ದಾವೆಗಳಿಗೆ ಆದ್ಯತೆ ಕೊಟ್ಟು ಆರು ತಿಂಗಳಲ್ಲಿ ಮುಗಿಸುವುದು ಅದರ ಗುರಿ. ಸಮವರ್ತಿ ಪಟ್ಟಿಯ ವಿಷಯವಾದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕಾಯಿತು. ಆರು ತಿಂಗಳು ಎಂದು ಬರೆದ ಮಾತ್ರಕ್ಕೆ ಆರು ತಿಂಗಳಲ್ಲಿ ಮುಗಿಯುವುದಿಲ್ಲ. ನ್ಯಾಯಾಧೀಶರ ಹುದ್ದೆ ತುಂಬಬೇಕು, ಸಿಬ್ಬಂದಿ ಬೇಕು, ಕೋಣೆ ಬೇಕು. ಆದರೂ ಬಡವನ ದಾವೆಗೆ ಬೇರೆ ಕಾಲಮಿತಿ ಇರಬೇಕೆಂಬ ತತ್ವ ಕಾನೂನಿನ ಪುಸ್ತಕಕ್ಕೆ ಬಂದಿತು.

ಎರಡನೆಯ ಹೆಜ್ಜೆ ವಸೂಲಿಯ ಕಿರುಕುಳದ್ದು. 2025ರ ಜನವರಿಯಲ್ಲಿ ಬೆಳಗಾವಿಯೂ ಸೇರಿ ಹಲವು ಜಿಲ್ಲೆಗಳಿಂದ ಮೈಕ್ರೋಫೈನಾನ್ಸ್ ಹಾವಳಿಯ ಸುದ್ದಿಗಳು ಬಂದವು. ಮನೆಗೆ ಬೀಗ, ಊರು ಬಿಟ್ಟುಹೋದ ಕುಟುಂಬಗಳು, ಆತ್ಮಹತ್ಯೆಗಳು. ಸರಕಾರ ಸುಗ್ರೀವಾಜ್ಞೆ ಸಿದ್ಧಪಡಿಸಿತು. ಶಿಕ್ಷೆ ಅತಿಯಾಯಿತು ಎಂಬ ಆಕ್ಷೇಪದೊಂದಿಗೆ ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿದರು, ಸರಕಾರ ಸಮಜಾಯಿಷಿ ಕೊಟ್ಟ ಮೇಲೆ ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚ್ ಅಧಿವೇಶನದಲ್ಲಿ ಅದು ಕಾಯ್ದೆಯ ರೂಪ ಪಡೆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು, ಐದು ಲಕ್ಷ ರೂಪಾಯಿಯ ತನಕ ದಂಡ. ಸಾಲ ಕೊಡುವ ಸಂಸ್ಥೆ ಜಿಲ್ಲಾ ಮಟ್ಟದಲ್ಲಿ ನೋಂದಣಿ ಮಾಡಿಸಬೇಕು, ಸಾಲಕ್ಕೆ ಅಡವು ಕೇಳಬಾರದು. ಆದರೆ ಇಲ್ಲಿಯೂ ಹಳೆಯ ಗೆರೆಯೇ ಉಳಿಯಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಹಣಕಾಸು ಕಂಪನಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಹಾಗಾದರೆ ಅವುಗಳಿಗೆ ಲಗಾಮು ಇಲ್ಲವೆ? ಇದೆ. ಆ ಲಗಾಮು ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿದೆ. ಅವುಗಳಲ್ಲಿ ಕೆಲವನ್ನು ಈ ವೇದಿಕೆಯಿಂದ ಹೇಳುವುದು ನನ್ನ ಕರ್ತವ್ಯ. ವರ್ಷಕ್ಕೆ ಮೂರು ಲಕ್ಷ ರೂಪಾಯಿಯೊಳಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೆ ಅಡವು ಕೇಳುವಂತಿಲ್ಲ, ಮತ್ತು ಎಲ್ಲ ಸಾಲಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಅಂಥ ಸಾಲಗಾರರಿಗೆ ಬೆಳಗಿನ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಯ ಕರೆ ಮಾಡಬಾರದು. ತಡವಾದ ಕಂತಿಗೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಣಿಸುವಂತಿಲ್ಲ. ಸಾಲ ತೀರಿದ 30 ದಿನದೊಳಗೆ ಆಸ್ತಿಯ ಮೂಲ ಕಾಗದ ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2025ರ ಜನವರಿಯಿಂದ ಎರಡು ಲಕ್ಷ ರೂಪಾಯಿಯ ತನಕದ ಕೃಷಿಸಾಲಕ್ಕೆ ಅಡವು ಬೇಕಿಲ್ಲ. ಬ್ಯಾಂಕು ದೂರಿಗೆ 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು.

ಬ್ಯಾಂಕಿನ ಮಿತ್ರರ ಮಾತನ್ನೂ ನ್ಯಾಯವಾಗಿ ಹೇಳಬೇಕು. ಬ್ಯಾಂಕಿನಲ್ಲಿರುವ ಹಣ ಠೇವಣಿದಾರರದು. ಕಟ್ಟುವ ಶಕ್ತಿ ಇದ್ದೂ ಮನ್ನಾದ ಆಸೆಗೆ ಸುಮ್ಮನಿರುವವರು ಇದ್ದಾರೆ, ಅವರಿಂದ ಮುಂದಿನವನಿಗೆ ಸಾಲ ಸಿಗದಂತಾಗುತ್ತದೆ. ಇದು ನಿಜ. ಆದರೆ ಕಟ್ಟಲಾಗದವನನ್ನೂ ಕಟ್ಟಲೊಲ್ಲದವನನ್ನೂ ಬೇರೆ ಮಾಡುವುದು ಹೇಗೆ? ಇಬ್ಬರನ್ನೂ ಕರೆದು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಕಬ್ಬು ಕಳಿಸಿ ಬಿಲ್ಲಿಗೆ ಕಾಯುತ್ತಿರುವವನ ಸ್ಥಿತಿ ನೋಡಿ. ಕಬ್ಬು ಪೂರೈಸಿದ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿ ಅವನ ಕೈಗೆ ಬರುವುದು ಅಪರೂಪ. ಅವನ ಬೆಳೆಸಾಲದ ವಾಯಿದೆ ಮಾತ್ರ ಕಾಯುವುದಿಲ್ಲ. ವಾಯಿದೆ ತಪ್ಪಿದರೆ ಸಹಕಾರಿ ಸಂಘದ ಶೂನ್ಯ ಬಡ್ಡಿಯ ರಿಯಾಯಿತಿಯೂ ತಪ್ಪುತ್ತದೆ. ಅದಕ್ಕೆಂದೇ ಕೈಗಡ ತಂದು ಹಳೆಯ ಸಾಲ ತುಂಬಿ, ಹೊಸ ಸಾಲ ಎತ್ತಿ ಕೈಗಡ ತೀರಿಸುವವರು ಎಷ್ಟು ಮಂದಿ! ಇಂಥವನು ಸುಸ್ತಿದಾರನಾದಾಗ ಅವನ ಲೆಕ್ಕದ ಜೊತೆ ಕಾರ್ಖಾನೆಯ ಬಾಕಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ವೇದಿಕೆ ಬೇಕು. ಮುಂಬಯಿಯ 1947ರ ಕಾಯ್ದೆ ರೈತನ ತೀರಿಸುವ ಶಕ್ತಿಯನ್ನು ಅಳೆಯಲು ಹೊರಟದ್ದು ಇಂಥ ವಿಚಾರದಿಂದಲೇ.

ಇಷ್ಟು ಹೇಳಿದ ಮೇಲೆ, ನಮ್ಮ ಪ್ರತಿನಿಧಿಗಳಿಂದ ಕೇಳಬೇಕಾದ ನಾಲ್ಕು ಕೆಲಸಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ.

ಸಂಸದರಿಂದ ಎರಡು. ಒಂದು, ಚೆಕ್ ಕಾಯ್ದೆಯ 2015ರ ತಿದ್ದುಪಡಿಗೆ ಒಂದು ವಿನಾಯಿತಿ. ಸಾಲದ ಭದ್ರತೆಗಾಗಿ ಕೃಷಿಕ ಅಥವಾ ಸಣ್ಣ ಸಾಲಗಾರ ಕೊಟ್ಟ ಚೆಕ್ಕಿನ ಫಿರ್ಯಾದು ಸಾಲ ಕೊಟ್ಟ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ ಮಾತ್ರ ನಡೆಯಬೇಕು. ಇದನ್ನು ಸರಕಾರ ತರದಿದ್ದರೆ ಖಾಸಗಿ ಸದಸ್ಯರ ಮಸೂದೆಯಾಗಿಯಾದರೂ ಮಂಡಿಸಬಹುದು. ಎರಡು, ಸಾಲ ವಸೂಲಾತಿ ನ್ಯಾಯಮಂಡಳಿಯ ಸಂಚಾರಿ ಪೀಠ ಬೆಳಗಾವಿಯಲ್ಲೋ ಹುಬ್ಬಳ್ಳಿ-ಧಾರವಾಡದಲ್ಲೋ ಕೂರಬೇಕು.

ಶಾಸಕರಿಂದ ಎರಡು. ಒಂದು, 1974 ಮತ್ತು 1979ರ ವಸೂಲಾತಿ ಕಾಯ್ದೆಗಳಲ್ಲಿ ಹೊಸ ಕಲಮು. ಬಾಕಿಯ ಪ್ರಮಾಣಪತ್ರ ಹೊರಡುವ ಮುನ್ನ ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಎಂಬ ಪೂರ್ತಿ ಲೆಕ್ಕವನ್ನು ಕನ್ನಡದಲ್ಲಿ ಸಾಲಗಾರನಿಗೆ ಕೊಟ್ಟು, ತಾಲ್ಲೂಕಿನಲ್ಲೇ ಅವನ ಮಾತು ಕೇಳಬೇಕು. ಎರಡು, ಆರು ತಿಂಗಳ ಗಡುವಿನ ತಿದ್ದುಪಡಿ ಕೆಲಸ ಮಾಡುವಂತೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನ್ಯಾಯಾಲಯಗಳಿಗೆ ಬೇಕಾದ ಹುದ್ದೆ ಮತ್ತು ಅನುದಾನ. ಎಷ್ಟು ಪ್ರಕರಣ ಗಡುವಿನಲ್ಲಿ ಮುಗಿದವು ಎಂಬ ಲೆಕ್ಕವನ್ನು ಸುವರ್ಣಸೌಧದ ಪ್ರತಿ ಅಧಿವೇಶನದಲ್ಲಿ ಪ್ರಶ್ನೆಯಾಗಿ ಕೇಳಬೇಕು.

ವಕೀಲ ಮಿತ್ರರಲ್ಲೂ ಒಂದು ವಿನಂತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಪ್ರತಿ ತಾಲ್ಲೂಕಿನಲ್ಲೂ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ಹಕ್ಕಾಗಿ ಸಿಗುತ್ತದೆ. ಲೋಕ ಅದಾಲತ್ತಿನಲ್ಲಿ ಬ್ಯಾಂಕಿನ ಬಾಕಿಗಳು ರಾಜಿಯಾಗುತ್ತವೆ, ಒಳ್ಳೆಯದೇ. ಆದರೆ ಅಲ್ಲಿ ಮಾಡಿದ ರಾಜಿಗೆ ಡಿಕ್ರಿಯ ಬಲವಿರುತ್ತದೆ, ಮೇಲ್ಮನವಿ ಇರುವುದಿಲ್ಲ. ಸಹಿ ಮಾಡುವ ಮೊದಲು ಸಾಲಗಾರನ ಪಕ್ಕದಲ್ಲಿ ಕೂತು ಲೆಕ್ಕ ಪರಿಶೀಲಿಸುವ ವಕೀಲರೊಬ್ಬರು ಇದ್ದರೆ ಅದು ನಿಜವಾದ ರಾಜಿಯಾಗುತ್ತದೆ. ಇಲ್ಲದಿದ್ದರೆ ಬ್ಯಾಂಕು ಬರೆದುಕೊಂಡು ಬಂದ ಮೊತ್ತಕ್ಕೆ ನ್ಯಾಯಾಲಯದ ಮುದ್ರೆ ಬಿದ್ದಂತಾಗುತ್ತದೆ. ತಿಂಗಳಿಗೊಂದು ದಿನವನ್ನು ಸಾಲದ ಲೆಕ್ಕಕ್ಕೆಂದೇ ಮೀಸಲಿಡಿ ಎಂಬುದು ನನ್ನ ಕೋರಿಕೆ.

ಮುಗಿಸುತ್ತೇನೆ. 1990, 2008, 2017, 2018, ಹೀಗೆ ಸರಕಾರಗಳು ಸಾಲಮನ್ನಾ ಮಾಡುತ್ತ ಬಂದಿವೆ. ಪ್ರತಿಯೊಂದೂ ಒಂದು ಸುಗ್ಗಿಯ ಭಾರ ಇಳಿಸಿತು, ಆದರೆ ಬ್ಯಾಂಕು ಮತ್ತು ಸಾಲಗಾರನ ನಡುವಿನ ಬಲದ ಅಂತರ ಹಾಗೇ ಉಳಿಯಿತು. ಮನ್ನಾ ಕೊಡಲು ಖಜಾನೆ ತುಂಬಿರಬೇಕು. ಸಾಲಗಾರನ ಊರಿನಲ್ಲೇ ವಿಚಾರಣೆ ಆಗಲಿ ಎನ್ನಲು ಸದನದಲ್ಲಿ ಕಾನೂನು ಓದಿಕೊಂಡು ಬಂದ ಪ್ರತಿನಿಧಿಯೊಬ್ಬರು ಸಾಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಎಷ್ಟು ಸಾಲ ಮನ್ನಾ ಮಾಡಿಸುತ್ತೀರಿ ಎಂದು ಕೇಳುವುದರ ಜೊತೆಗೆ, ನಮ್ಮ ಸಾಲದ ಪ್ರಕರಣ ಯಾವ ಊರಿನಲ್ಲಿ ನಡೆಯಬೇಕೆಂದು ಕಾನೂನು ಮಾಡಿಸುತ್ತೀರಿ ಎಂದೂ ಕೇಳಿ.